ಮಾಂಸವನ್ನು ವಾರವಿಡೀ ಹಂಚಬೇಡಿ

ಮನೆಖರ್ಚು ತಗ್ಗಿಸುವ ಬಗ್ಗೆ ಬರೆಯುವವರೆಲ್ಲ ತಪ್ಪದೆ ಕೊಡುವ ಸಲಹೆಯೊಂದಿದೆ. ಮಾಂಸ ದುಬಾರಿಯಾದರೆ ಬಿಡಬೇಡಿ, ಹಿಗ್ಗಿಸಿ ಬಳಸಿ ಎನ್ನುತ್ತಾರೆ. ಅರ್ಧ ಕಿಲೋ ಖೀಮಾವನ್ನು ಒಂದೇ ರಾತ್ರಿ ಮುಗಿಸುವ ಬದಲು ನಾಲ್ಕು ದಿನ ಬೇಳೆಗೋ ಕಾಳಿಗೋ ಪಾಸ್ತಾಗೋ ಸ್ವಲ್ಪ ಸ್ವಲ್ಪ ಬೆರೆಸಿದರೆ ರುಚಿಗೂ ಆಯಿತು, ಪ್ರೋಟೀನಿಗೂ ಆಯಿತು. ಬಹುಪಾಲು ಮನೆಗಳಿಗೆ ಇದು ಒಳ್ಳೆಯ ಸಲಹೆಯೇ. ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೋ ನ್ಯೂಜೆರ್ಸಿಯ ಲೇಕ್‌ವುಡ್‌ನಲ್ಲೋ ಕೋಶರ್ ಎಂಬ ಆಹಾರ ನಿಯಮ ಪಾಲಿಸುವ ಯೆಹೂದಿ ಕುಟುಂಬವೊಂದು ಇದನ್ನು ಹಾಗೆಯೇ ಅನುಸರಿಸಿದರೆ ಖರ್ಚು ಇಳಿಯುವುದಿಲ್ಲ, ಪ್ರೋಟೀನೂ ಹೆಚ್ಚುವುದಿಲ್ಲ. ಅಂಥ ಮನೆಯಲ್ಲಿ ಮಾಂಸವನ್ನು ವಾರದ ಒಂದೆರಡು ದಿನಗಳಿಗೆ ಒಟ್ಟುಮಾಡಿ, ಉಳಿದ ರಾತ್ರಿಗಳಲ್ಲಿ ಅದರ ಚೂರೂ ಒಲೆಯ ಮೇಲೆ ಬರದಂತೆ ನೋಡಿಕೊಳ್ಳುವುದೇ ಜಾಣತನ ಎಂಬುದು ನನ್ನ ವಾದ. ಯೆಹೂದಿಗಳಲ್ಲಿ ಕೋಶರ್ ಪಾಲಿಸದವರೂ ಬಹಳ ಮಂದಿ ಇದ್ದಾರೆ. ಅವರ ಅಡುಗೆಮನೆಯ ಲೆಕ್ಕ ನೆರೆಮನೆಯವರ ಲೆಕ್ಕದ ಹಾಗೆಯೇ ಇರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ದುಡ್ಡು ಎಲ್ಲಿ ಹೋಗುತ್ತದೆ ಎಂದು ಮೊದಲು ನೋಡೋಣ. ಕೋಶರ್ ಮಾಂಸದಲ್ಲಿ ಪ್ರಾಣಿಯ ಬೆಲೆಯ ಮೇಲೆ ಮನುಷ್ಯರ ದುಡಿಮೆಯ ಬೆಲೆ ಪದರ ಪದರವಾಗಿ ಕೂರುತ್ತದೆ. ಶೋಖೆತ್, ಅಂದರೆ ತರಬೇತಿ ಪಡೆದ ವಧೆಗಾರ, ಒಂದೊಂದು ಪ್ರಾಣಿಯನ್ನೂ ಕೈಯಾರೆ, ಒಂದು ಮುಕ್ಕೂ ಇಲ್ಲದ ಚೂರಿಯಿಂದ ಕೊಯ್ಯಬೇಕು. ಆಮೇಲೆ ದನದ ಶ್ವಾಸಕೋಶವನ್ನು ಪರೀಕ್ಷಿಸುತ್ತಾರೆ. ‘ಗ್ಲಾಟ್’ ದರ್ಜೆಯೇ ಬೇಕು ಎನ್ನುವವರಿಗೆ ಈ ಪರೀಕ್ಷೆ ಇನ್ನೂ ಕಟ್ಟುನಿಟ್ಟು, ಅಲ್ಲಿ ತಿರಸ್ಕೃತವಾದ ಪ್ರಾಣಿ ಸಾಮಾನ್ಯ ಮಾರುಕಟ್ಟೆಗೆ ಹೋಗುತ್ತದೆ. ಹಿಂಭಾಗದಲ್ಲಿರುವ ತೊಡೆಯ ನರವನ್ನೂ ನಿಷಿದ್ಧ ಕೊಬ್ಬನ್ನೂ ಬಿಡಿಸಿ ತೆಗೆಯುವುದು ಎಷ್ಟು ನಾಜೂಕಿನ ಕೆಲಸವೆಂದರೆ, ಅಮೆರಿಕದಲ್ಲಿ ಸಾಮಾನ್ಯವಾಗಿ ಆ ಗೋಜಿಗೇ ಹೋಗದೆ ಹಿಂಭಾಗವನ್ನು ಹೊರಗೆ ಮಾರಿಬಿಡುತ್ತಾರೆ. ಉಳಿದ ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪಿನಲ್ಲಿಟ್ಟು, ಮೂರು ಸಲ ತೊಳೆಯಬೇಕು. ಇಷ್ಟಕ್ಕೂ ಒಬ್ಬ ಮೇಲ್ವಿಚಾರಕನ ಸಂಬಳ ಬೇರೆ. ಈ ಬೆಲೆಯ ಕಾವು ಹೊಸದೇನಲ್ಲ. 1902ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನಲ್ಲಿ ಕೋಶರ್ ದನದ ಮಾಂಸ ಪೌಂಡಿಗೆ 12 ಸೆಂಟ್‌ನಿಂದ 18 ಸೆಂಟ್‌ಗೆ ಏರಿದಾಗ ವಲಸೆ ಬಂದ ಯೆಹೂದಿ ಗೃಹಿಣಿಯರು ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು, ಕದ್ದುಮುಚ್ಚಿ ಕೊಂಡವರ ಕೈಯಿಂದ ಮಾಂಸ ಕಿತ್ತು ಬೀದಿಗೆಸೆದರು, ಪೊಲೀಸರಿಂದ ಬಂಧನಕ್ಕೂ ಒಳಗಾದರು. ಜೂನ್ ಹೊತ್ತಿಗೆ ಬೆಲೆ 14 ಸೆಂಟ್‌ಗೆ ಇಳಿಯಿತು. ಅವತ್ತು ಅವರು ಎದುರಿಸಿದ್ದು ವರ್ತಕರ ಲಾಭವನ್ನು. ದುಡಿಮೆಯ ಪದರಗಳು ಬಹಿಷ್ಕಾರಕ್ಕೆ ಕರಗುವಂಥವಲ್ಲ, ಅವು ನಿಯಮದೊಳಗೇ ಇವೆ.

ಆದರೆ ಈ ಪದರಗಳು ಎಲ್ಲ ಆಹಾರದ ಮೇಲೂ ಒಂದೇ ಸಮ ಕೂರುವುದಿಲ್ಲ. ಬೇರೇನೂ ಬೆರೆಸದ ಒಣ ಬೇಳೆಕಾಳಿಗೆ ವರ್ಷದ ಸಾಮಾನ್ಯ ದಿನಗಳಲ್ಲಿ ಕೋಶರ್ ಪ್ರಮಾಣೀಕರಣದ ಯಾವ ಮುದ್ರೆಯೂ ಬೇಕಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಓಕ್ ಟ್ರೀ ರೋಡಿನ ದಿನಸಿ ಅಂಗಡಿಗಳಿಂದ ಕನ್ನಡದವರು ಹೊತ್ತು ತರುವ ಅದೇ ಚನ್ನಂಗಿ ಬೇಳೆ, ಅದೇ ಕಾಬೂಲಿ ಕಡಲೆಯ ದೊಡ್ಡ ಚೀಲವನ್ನು ಕೋಶರ್ ಮನೆಯವರೂ ಕೊಳ್ಳಬಹುದು. ಹುಳ ಇಲ್ಲವೆಂದು ನೋಡಿಕೊಳ್ಳಿ ಎಂಬುದಷ್ಟೇ ಧರ್ಮದ ಷರತ್ತು. ಬಿಳಿ ತಟ್ಟೆಯ ಮೇಲೆ ಕಾಳು ಹರಡಿ, ತೂತು ಬಿದ್ದದ್ದನ್ನು ಆರಿಸಿ ತೆಗೆಯುವುದಕ್ಕೆ ಯಾರಿಗೂ ಸಂಬಳ ಕೊಡಬೇಕಿಲ್ಲ. ಮೊಟ್ಟೆಯದೂ ಹೀಗೆಯೇ. ಪ್ರತಿಯೊಂದನ್ನೂ ಮೊದಲು ಗಾಜಿನ ಲೋಟಕ್ಕೆ ಒಡೆದು ನೋಡಿ, ರಕ್ತದ ಚುಕ್ಕೆ ಇದ್ದರೆ ಚೆಲ್ಲಿ, ಇಲ್ಲದಿದ್ದರೆ ಬಾಣಲೆಗೆ ಹಾಕುತ್ತಾರೆ. ಮೀನಿಗೆ ಈಜುರೆಕ್ಕೆಯೂ ಹುರುಪೆಯೂ ಇದ್ದರೆ ಸಾಕು, ಶೋಖೆತ್ ಬೇಡ, ಉಪ್ಪಿನ ವಿಧಿಯೂ ಬೇಡ. ಹುರುಪೆ ಕಣ್ಣಿಗೆ ಕಾಣುವಂತಿದ್ದರೆ ಸಾಮಾನ್ಯ ಅಂಗಡಿಯ ಮೀನೂ ಆದೀತು, ಚೂರಿ ಮತ್ತು ಹಲಗೆ ಶುದ್ಧವಾಗಿರಬೇಕು ಅಷ್ಟೆ. ಈಗ ಹೋಲಿಸಿ ನೋಡಿ. ಒಂದು ಪೌಂಡ್ ಬೇಳೆಯಲ್ಲಿ ಸುಮಾರು 110 ಗ್ರಾಂ ಪ್ರೋಟೀನ್ ಇದೆ. ಒಂದೂವರೆ ಕಿಲೋ ತೂಗುವ ಇಡೀ ಕೋಳಿಯಲ್ಲಿ, ಮೂಳೆ ಕಳೆದು, 180 ಗ್ರಾಂ ಆಸುಪಾಸು. ಅಂದರೆ ಕೋಳಿಯ ಬೆಲೆ ಬೇಳೆ ಪ್ಯಾಕೆಟ್ಟಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿದ್ದರೆ ಎರಡೂ ಸಮ. ಅಮೆರಿಕದಲ್ಲಿ ಕೋಶರ್ ಕೋಳಿ ಅಷ್ಟು ಅಗ್ಗಕ್ಕೆ ಸಿಗುವುದು ಬಲು ಅಪರೂಪ.

ಇದಿಷ್ಟೇ ಆಗಿದ್ದರೆ ‘ಮಾಂಸ ಕಡಿಮೆ ತಿನ್ನಿ’ ಎಂಬ ಹಳೆಯ ಮಾತೇ ಸಾಕಿತ್ತು. ಹಂಚಿ ತಿನ್ನುವುದೇ ನಷ್ಟ ಎನ್ನಲು ಇನ್ನೊಂದು ಕಾರಣವಿದೆ. ಕೋಶರ್ ಅಡುಗೆಮನೆಯಲ್ಲಿ ಎಲ್ಲ ಆಹಾರವೂ ಮೂರರಲ್ಲೊಂದು ವರ್ಗಕ್ಕೆ ಸೇರುತ್ತದೆ: ಮಾಂಸ, ಹಾಲು, ಮತ್ತು ಎರಡೂ ಅಲ್ಲದ ‘ಪಾರ್ವ’. ಕಾಳು, ಮೊಟ್ಟೆ, ಮೀನು, ತರಕಾರಿ ಪಾರ್ವ. ಕೋಳಿ ಹಾಲು ಕೊಡದಿದ್ದರೂ ಮಾಂಸದ ಪಂಗಡಕ್ಕೇ ಸೇರಿದೆ. ಮಾಂಸವನ್ನೂ ಹಾಲನ್ನೂ ಒಂದೇ ಊಟದಲ್ಲಿ ತರುವಂತಿಲ್ಲ. ಪಾತ್ರೆ, ಸೌಟು, ತಟ್ಟೆ ಎಲ್ಲವೂ ಎರಡೆರಡು ಜೊತೆ. ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಅನೇಕರು ಆರು ಗಂಟೆ ಕಾಯುತ್ತಾರೆ. ಜರ್ಮನ್ ಮೂಲದವರಲ್ಲಿ ಮೂರು ಗಂಟೆಯ, ಡಚ್ಚರಲ್ಲಿ ಒಂದು ಗಂಟೆಯ ಪದ್ಧತಿ ಇದೆ. ಹೀಗಿರುವಾಗ ಕಡಲೆಯ ಪಾತ್ರೆಗೆ ಒಂದು ಹಿಡಿ ಖೀಮಾ ಬಿದ್ದರೆ ಏನಾಗುತ್ತದೆ? ಖೀಮಾದಿಂದ ಹತ್ತಿಪ್ಪತ್ತು ಗ್ರಾಂ ಪ್ರೋಟೀನ್ ಬಂತು. ಅದರ ಜೊತೆಗೇ ಇಡೀ ಪಾತ್ರೆ ಮಾಂಸದ ಪಾತ್ರೆಯಾಯಿತು. ಮೊಸರು, ಗಿಣ್ಣು (ಚೀಸ್), ಮಲಗುವ ಮುಂಚೆ ಮಕ್ಕಳು ಕುಡಿಯುವ ಹಾಲು ಎಲ್ಲವೂ ಆ ರಾತ್ರಿಯ ಮಟ್ಟಿಗೆ ಹೊರಗಾದವು. ಒಂದು ಲೋಟ ಹಾಲಿನಲ್ಲಿ 8 ಗ್ರಾಂ ಪ್ರೋಟೀನ್. ಮೂರು ಮಕ್ಕಳಿದ್ದರೆ 24 ಗ್ರಾಂ ಕೈಬಿಟ್ಟಂತೆ. ದುಬಾರಿಯದನ್ನು ತಂದು ಅಗ್ಗದ್ದನ್ನು ಓಡಿಸಿದ ವ್ಯಾಪಾರ ಇದು. ಮಿಕ್ಕ ಅಡುಗೆಗೂ ಇದೇ ಗತಿ. ಸಾದಾ ಬೇಯಿಸಿಟ್ಟ ಕಡಲೆ ನಾಳೆ ಗಿಣ್ಣಿನ ಜೊತೆಗೂ ಹೋಗುತ್ತದೆ, ಶುಕ್ರವಾರ ಕೋಳಿಯ ಜೊತೆಗೂ ಹೋಗುತ್ತದೆ. ಖೀಮಾ ಬಿದ್ದ ಕಡಲೆಗೆ ಒಂದೇ ದಾರಿ.

ಹಾಲಿನ ಬದಲು ಬೇರೇನಾದರೂ ಹಾಕಿದರಾಯಿತಲ್ಲ ಎನ್ನಬಹುದು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದಿಗಳು ಮಾಡಿದ್ದು ಅದನ್ನೇ, ಅವರ ಮಾಂಸದ ಸಾರಿಗೆ ಮೊಸರಿನ ಜಾಗದಲ್ಲಿ ತೆಂಗಿನ ಹಾಲು ಬೀಳುತ್ತದೆ. ರುಚಿಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಕರಾವಳಿಯ ನಾಲಿಗೆ ಇರುವ ಯಾರೂ ತಕರಾರು ಮಾಡಲಾರರು. ಆದರೆ ತೆಂಗಿನ ಹಾಲಿನಲ್ಲಿ ನೂರು ಗ್ರಾಮಿಗೆ ಸುಮಾರು 2 ಗ್ರಾಂ ಪ್ರೋಟೀನ್ ಮಾತ್ರ, ಉಳಿದದ್ದು ಮುಖ್ಯವಾಗಿ ಕೊಬ್ಬು ಮತ್ತು ನೀರು. ಅದು ಸಾರನ್ನು ಗಟ್ಟಿ ಮಾಡುತ್ತದೆ, ಪ್ರೋಟೀನಿನ ಕೊರತೆ ತುಂಬುವುದಿಲ್ಲ.

ಹಾಗಾದರೆ ಮಾಂಸವಿಲ್ಲದ ರಾತ್ರಿ ಹೊಟ್ಟೆಗೆ ಸಾಕಷ್ಟು ಬೀಳುತ್ತದೆಯೇ? ಅಮೆರಿಕದ ಪೋಷಣಾ ಮಾನದಂಡದ ಪ್ರಕಾರ ದೊಡ್ಡವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ, 9ರಿಂದ 13 ವಯಸ್ಸಿನವರಿಗೆ 34 ಗ್ರಾಂ, 4ರಿಂದ 8ರವರಿಗೆ 19 ಗ್ರಾಂ ಪ್ರೋಟೀನ್ ಬೇಕು. 75 ಕಿಲೋದ ಅಪ್ಪ, 60 ಕಿಲೋದ ಅಮ್ಮ, ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು ಎಂದಿಟ್ಟುಕೊಂಡರೆ ದಿನಕ್ಕೆ ಒಟ್ಟು 161 ಗ್ರಾಂ. ಅದರಲ್ಲಿ ಶೇ 40ರಷ್ಟು ರಾತ್ರಿಯ ಪಾಲು ಎಂದರೆ 64 ಗ್ರಾಂ. ಇನ್ನು ಅರಬ್ ದೇಶಗಳಿಂದ ಬಂದ ಯೆಹೂದಿಗಳ ಮನೆಗಳಲ್ಲಿ ಮಾಮೂಲಿಯಾದ ಮುಜದ್ದರಾ ತೆಗೆದುಕೊಳ್ಳಿ. 200 ಗ್ರಾಂ ಇಡೀ ಮಸೂರ, 250 ಗ್ರಾಂ ಅಕ್ಕಿ, ಕಂದುಬಣ್ಣಕ್ಕೆ ತಿರುಗುವವರೆಗೆ ಎಣ್ಣೆಯಲ್ಲಿ ಹುರಿದ ಈರುಳ್ಳಿ. ಕಾಳಿನಿಂದ 48, ಅಕ್ಕಿಯಿಂದ 17, ಒಟ್ಟು 65 ಗ್ರಾಂ. ಪಕ್ಕಕ್ಕೆ ಒಂದು ಬಟ್ಟಲು ಮೊಸರು ಬಂದರೆ, ಅಂದರೆ ನಾಲ್ವರಿಗೂ ಸೇರಿ 400 ಗ್ರಾಂ, ಇನ್ನೊಂದು 14 ಗ್ರಾಂ.

ಸಸ್ಯದ ಪ್ರೋಟೀನ್ ಮಾಂಸದಷ್ಟು ಪೂರ್ತಿ ಜೀರ್ಣವಾಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಳು ಮತ್ತು ಅಕ್ಕಿಯ 65 ಗ್ರಾಮಿನಲ್ಲಿ ಐದನೇ ಒಂದು ಭಾಗ ಕಳೆದುಬಿಡಿ, 52 ಉಳಿಯುತ್ತದೆ. ಮೊಸರಿನ 14 ಸೇರಿದರೆ 66, ಬೇಕಾದದ್ದಕ್ಕಿಂತ ಇನ್ನೂ ಮೇಲೆಯೇ. ಕಾಳಿನಲ್ಲಿ ಕಡಿಮೆ ಇರುವ ಅಮೈನೋ ಆಮ್ಲ ಧಾನ್ಯದಲ್ಲಿದೆ, ಧಾನ್ಯದಲ್ಲಿ ಕೊರತೆಯಾದದ್ದು ಕಾಳಿನಲ್ಲಿದೆ. ಮನೆಯಲ್ಲಿ ಬೆಳೆಯುವ ಹುಡುಗರಿದ್ದರೆ, ವಯಸ್ಸಾದವರಿದ್ದರೆ 0.8 ಎಂಬುದು ಸಾಲದು ಎನ್ನುವ ವೈದ್ಯರೂ ಇದ್ದಾರೆ. ಅಂಥವರ ತಟ್ಟೆಗೆ ಒಂದು ಬೇಯಿಸಿದ ಮೊಟ್ಟೆ ಸೇರಿಸಿದರೆ 6 ಗ್ರಾಂ, ಅರ್ಧ ಡಬ್ಬಿ ಸಾರ್ಡೀನ್ ಇಟ್ಟರೆ ಹತ್ತಕ್ಕೂ ಹೆಚ್ಚು. (ಸ್ಪೇನ್, ಮಧ್ಯಪ್ರಾಚ್ಯ ಮೂಲದ ಸೆಫಾರ್ಡಿ ಯೆಹೂದಿಗಳಲ್ಲಿ ಕೆಲವರು ಮೀನಿನ ಜೊತೆ ಹಾಲಿನ ಪದಾರ್ಥ ತಿನ್ನುವುದಿಲ್ಲ, ಅಲ್ಲಿ ಮೊಸರೋ ಮೀನೋ, ಒಂದನ್ನು ಆರಿಸಿಕೊಳ್ಳಬೇಕು.) ಮೊಟ್ಟೆಯನ್ನೇ ನೆಚ್ಚಿ ಕೂರುವುದೂ ಸರಿಯಲ್ಲ. 2025ರ ಮಾರ್ಚ್‌ನಲ್ಲಿ ಹಕ್ಕಿಜ್ವರದ ದೆಸೆಯಿಂದ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿತ್ತು. ಒಣಕಾಳಿನ ಚೀಲ ಕಪಾಟಿನಲ್ಲಿದ್ದವರಿಗೆ ಆ ತಿಂಗಳು ಅಷ್ಟೇನೂ ಬಿಸಿ ತಟ್ಟಿರಲಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮನಸ್ಸಿನದು. ದುಡಿದು ಬಂದವರಿಗೆ ಮಾಂಸವಿಲ್ಲದ ಊಟ ಊಟವೇ ಅಲ್ಲ, ಸಂಪ್ರದಾಯಸ್ಥರ ಮನೆಯಲ್ಲಿ ಇದೆಲ್ಲ ನಡೆಯುವ ಮಾತಲ್ಲ ಎನ್ನುತ್ತಾರೆ. ಸಂಪ್ರದಾಯವೇ ಬೇರೆ ಹೇಳುತ್ತದೆ. ಯೆಹೂದಿ ಧರ್ಮಗ್ರಂಥವಾದ ತಾಲ್ಮುದ್‌ನ ಖುಲ್ಲಿನ್ ಎಂಬ ಭಾಗದಲ್ಲಿ ಆಸ್ತಿಗೆ ತಕ್ಕ ಅಡುಗೆಯ ಪಟ್ಟಿಯೇ ಇದೆ. ಒಂದು ಮಾನೆ, ಅಂದರೆ ನೂರು ಜೂಜ್ ನಾಣ್ಯ ಇದ್ದವನು ತರಕಾರಿ ಕೊಳ್ಳಲಿ, ಹತ್ತು ಇದ್ದವನು ಮೀನು, ಐವತ್ತು ಇದ್ದವನು ಮಾಂಸ. ನೂರು ಮಾನೆ ಇದ್ದವನ ಮನೆಯಲ್ಲಿ ಮಾತ್ರ ದಿನವೂ ಮಾಂಸದ ಮಡಕೆ ಒಲೆಗೇರಲಿ. ಉಳಿದವರಿಗೆ? ಒಂದು ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಮುನ್ನಾದಿನದಿಂದ ಮುಂದಿನದರವರೆಗೆ, ಅಂದರೆ ವಾರಕ್ಕೊಮ್ಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ದರ್ಜೆ ಕಟ್ಟಿ ಹೇಳಿದ ಧರ್ಮಗ್ರಂಥ ನನಗೆ ತಿಳಿದಂತೆ ಇನ್ನೊಂದಿಲ್ಲ. ಅಭ್ಯಾಸದ ಮಾತಿಗೂ ಉತ್ತರ ಇದೆ. ಜೆರುಸಲೇಮಿನ ದೇವಾಲಯ ನಾಶವಾದದ್ದನ್ನು ನೆನೆಯುವ ಉಪವಾಸದ ದಿನವೂ ಸೇರಿ ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ) ಮನೆಗಳಲ್ಲಿ ಒಂಬತ್ತು ದಿನ, ಸಬ್ಬತ್ ಬಿಟ್ಟು, ಮಾಂಸ ಬೇಯುವುದಿಲ್ಲ. ಪ್ರತಿ ಬೇಸಿಗೆಯೂ ಈ ಮನೆಗಳು ಮಾಂಸವಿಲ್ಲದ ವಾರವೊಂದನ್ನು ಹೇಗೂ ನಡೆಸಿಯೇ ಇರುತ್ತವೆ.

ಮಾಂಸಕ್ಕೆ ಸರಿಯಾದ ಜಾಗ ಶುಕ್ರವಾರ ಸಂಜೆಯಿಂದ ಶನಿವಾರದವರೆಗಿನ ಸಬ್ಬತ್. ಹಿಗ್ಗಿಸುವ ಹಳೆಯ ವಿದ್ಯೆ ಅಲ್ಲಿ ತಪ್ಪಿಲ್ಲದೆ ಕೆಲಸ ಮಾಡುತ್ತದೆ, ಏಕೆಂದರೆ ಆ ದಿನದ ಊಟ ಹೇಗೂ ಮಾಂಸದ್ದೇ, ಹಾಲು ಕಳೆದುಕೊಳ್ಳುವ ಪ್ರಶ್ನೆ ಏಳುವುದಿಲ್ಲ. ಚೋಲೆಂತ್ ಎಂಬ ಅಡುಗೆಯನ್ನೇ ನೋಡಿ. ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಶುಕ್ರವಾರ ಸೂರ್ಯ ಮುಳುಗುವ ಮುಂಚೆಯೇ ನೆನೆಸಿದ ಬೀನ್ಸ್ ಕಾಳು, ಬಾರ್ಲಿ, ಆಲೂಗಡ್ಡೆ, ಈರುಳ್ಳಿ, ಒಂದು ಮಜ್ಜೆಯ ಮೂಳೆ, ಒಂದಿಷ್ಟು ಗಟ್ಟಿಮಾಂಸ ಹಾಕಿ ಸಣ್ಣ ಉರಿಯ ಮೇಲಿಟ್ಟರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ ಹದವಾಗಿರುತ್ತದೆ. ನಾರುನಾರಾದ ಅಗ್ಗದ ಮಾಂಸವೂ ಅಷ್ಟು ಹೊತ್ತಿಗೆ ಬೆಣ್ಣೆಯಾಗುತ್ತದೆ. ಆರು ಜನರ ಪಾತ್ರೆಗೆ 300 ಗ್ರಾಂ ಕಾಳು, 100 ಗ್ರಾಂ ಬಾರ್ಲಿ, 300 ಗ್ರಾಂ ಮಾಂಸ ಎಂದರೆ ಕಾಳುಬಾರ್ಲಿಯಿಂದ 77 ಗ್ರಾಂ, ಮಾಂಸದಿಂದ 60 ಗ್ರಾಂ ಪ್ರೋಟೀನ್. ಹೆಸರು ಮಾಂಸದ್ದು, ದುಡಿಮೆ ಕಾಳಿನದು. ಶುಕ್ರವಾರ ರಾತ್ರಿಗೆ ತುಂಡು ಮಾಡಿಸದ ಇಡೀ ಕೋಳಿ ಕೊಂಡರೆ ಬೆನ್ನು, ಕತ್ತು, ರೆಕ್ಕೆ ಸೂಪಿಗಾಯಿತು, ಉಳಿದದ್ದು ಭಾನುವಾರಕ್ಕೂ ಬಂದೀತು. ವಾರದ ಎರಡನೇ ಮಾಂಸದ ದಿನ ಅದೇ, ಅಲ್ಲಿಗೆ ನಿಲ್ಲಿಸಬೇಕು.

ಈ ಲೆಕ್ಕ ಕೈಕೊಡುವ ಮನೆಗಳೂ ಇವೆ. ಅಮೆರಿಕದಲ್ಲಿ ಅನೇಕರು ಸರ್ಕಾರಿ ನಿಯಂತ್ರಣವಿರುವ ಡೈರಿಯ ಹಾಲು ಸಾಕೆಂಬ ರಬ್ಬಿ ಮೋಶೆ ಫೈನ್‌ಸ್ಟೈನ್ ಅವರ ತೀರ್ಪಿನಂತೆ ಸಾಮಾನ್ಯ ಹಾಲು ಕೊಳ್ಳುತ್ತಾರೆ. ಯೆಹೂದಿ ಮೇಲ್ವಿಚಾರಣೆಯಲ್ಲಿ ಕರೆದ ಹಾಲೇ ಬೇಕೆನ್ನುವವರಿಗೆ ಹಾಲೂ ದುಬಾರಿ, ಗಟ್ಟಿ ಗಿಣ್ಣಂತೂ ಎಲ್ಲರಿಗೂ ದುಬಾರಿ. ಅವರು ಹಾಲಿನ ರಾತ್ರಿಗಳನ್ನು ಕಡಿಮೆ ಮಾಡಿ ಪಾರ್ವ ರಾತ್ರಿಗಳನ್ನು ಹೆಚ್ಚಿಸಬಹುದು, ಕಾಳು ಮತ್ತು ತಹಿನಿಯ (ಎಳ್ಳಿನ ಪೇಸ್ಟ್) ಬೆಲೆ ಅವರಿಗೂ ಅಷ್ಟೇ. ನನ್ನ ವಾದ ಪೂರ್ತಿ ಸೋಲುವುದು ಪಸ್ಕ ಹಬ್ಬದ ಎಂಟು ದಿನಗಳಲ್ಲಿ. ನಮ್ಮಲ್ಲಿ ಚಾತುರ್ಮಾಸ್ಯದ ಕೊನೆಯ ತಿಂಗಳು ದ್ವಿದಳ ವ್ರತ ಹಿಡಿದವರು ಬೇಳೆ ಬಿಡುವಂತೆ, ಅಶ್ಕೆನಾಜಿ ಸಂಪ್ರದಾಯದವರು ಆ ಎಂಟು ದಿನ ಕಾಳು, ಬೇಳೆ, ಅಕ್ಕಿ ಮುಟ್ಟುವುದಿಲ್ಲ. ಬಹುಪಾಲು ಸೆಫಾರ್ಡಿಗಳಿಗೆ ಈ ಕಟ್ಟಿಲ್ಲ. ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ 2015ರಲ್ಲಿ ತನ್ನವರಿಗೂ ಇದನ್ನು ಸಡಿಲಿಸಿತು. ಆರ್ಥೊಡಾಕ್ಸ್ ಅಶ್ಕೆನಾಜಿ ಮನೆಯಲ್ಲಿ ಮಾತ್ರ ಆ ವಾರ ಮೊಟ್ಟೆ, ಮೀನು, ಹಾಲು, ಆಲೂಗಡ್ಡೆ, ಮಾಂಸ ಬಿಟ್ಟರೆ ಹೆಚ್ಚಿನ ಆಯ್ಕೆ ಇರುವುದಿಲ್ಲ, ಡಬ್ಬಿ ಸಾಮಾನಿಗೆಲ್ಲ ಹಬ್ಬದ ವಿಶೇಷ ಮುದ್ರೆಯ ಬೆಲೆ ಬೇರೆ. ಆದ್ದರಿಂದ ಕಾಳಿನ ರಾತ್ರಿಗಳಲ್ಲಿ ಉಳಿಸಿದ್ದನ್ನು ವಾರದ ದಿನಸಿ ದುಡ್ಡಿನೊಳಗೇ ಕರಗಲು ಬಿಡದೆ ಬೇರೆ ತೆಗೆದಿಡುವುದು ಒಳ್ಳೆಯದು. ವಸಂತದಲ್ಲಿ ಬರುವ ಆ ಎಂಟು ದಿನಗಳ ಮಾಂಸದ ಬಿಲ್ಲನ್ನು ಕ್ರೆಡಿಟ್ ಕಾರ್ಡಿಗೆ ಬರೆಯದೆ ತೀರಿಸುವುದಕ್ಕೆ ಅದು ಬೇಕಾಗುತ್ತದೆ.