ಪಳಗು ಎಂಬ ಮಾತಿನ ವಿಚಾರ

ಎಳೆಯ ಹೋರಿಯನ್ನು ಮೊದಲ ಸಾರಿ ನೊಗಕ್ಕೆ ಕಟ್ಟುವ ರೈತನು ಅದರ ಜೊತೆಗೆ ಮತ್ತೊಂದು ಎಳೆಯ ಹೋರಿಯನ್ನು ಕಟ್ಟುವದಿಲ್ಲ. ಹಳೆಯ ಎತ್ತೊಂದನ್ನು ಹುಡುಕಿ ಪಕ್ಕದಲ್ಲಿ ನಿಲ್ಲಿಸುತ್ತಾನೆ. ಇದು ನಮ್ಮ ವಾಚಕರಿಗೆ ನಾವು ಕಲಿಸತಕ್ಕ ಸಂಗತಿಯಲ್ಲ. ಆದರೆ ಈ ಕೆಲಸಕ್ಕೆ ಹೇಳುವ ಪಳಗಿಸುವದು ಎಂಬ ಮಾತಿನಲ್ಲಿಯೇ ಹಳೆಯದೆಂಬ ಅರ್ಥವು ಅಡಗಿರುವದನ್ನು ಎಲ್ಲರೂ ಗಮನಿಸಿರಲಾರರು.

ಪೂರ್ವದಲ್ಲಿ ಈ ಮಾತನ್ನು ಪೞಗು ಎಂದು ಬರೆಯುತ್ತಿದ್ದರು. ಈ ೞ ಅಕ್ಷರವು ಬಹು ಕಾಲದ ಹಿಂದೆಯೇ ನಮ್ಮ ಬರವಣಿಗೆಯಿಂದ ಬಿದ್ದುಹೋಯಿತು. ಹಳೆ ಎಂಬದರ ಪೂರ್ವರೂಪವೂ ಪೞೆ ಎಂದೇ. ಅನ್ನವು ಹಳಸಿತು ಎನ್ನುವಾಗಲೂ ಅದೇ ಮೂಲವು ತೋರುತ್ತದೆ. ಹಳೆ, ಹಳಸು ಎಂಬವುಗಳಲ್ಲಿ ಪಕಾರವು ಹಕಾರವಾಯಿತು, ಪಳಗು ಮಾತ್ರ ತನ್ನ ಹಳೆಯ ಪಕಾರವನ್ನು ಬಿಡಲಿಲ್ಲ. ತಮಿಳರ ಪೞಕು ಎಂಬ ಮಾತಿಗೆ ರೂಢಿಯಾಗು, ಪರಿಚಯವಾಗು, ಹಳೆಯದಾಗು ಎಂಬ ಅರ್ಥಗಳೆಲ್ಲ ಉಂಟು, ಮಲೆಯಾಳದಲ್ಲಿಯೂ ಹಾಗೆಯೇ. ಆದದರಿಂದ ಪಳಗಿದ ಪ್ರಾಣಿಯೆಂದರೆ ಮನುಷ್ಯನಿಗೆ ಹಳೆಯ ಪರಿಚಯವಾದ ಪ್ರಾಣಿ. ಇಲ್ಲಿ ಬಲಾತ್ಕಾರದ ಸುದ್ದಿಯೇ ಇಲ್ಲ.

ಸಂಸ್ಕೃತದ ದಮನವು ಬೇರೆ ತರದ್ದು. ದಮ್ ಎಂಬ ಧಾತುವಿಗೆ ಅಡಗಿಸು, ಸ್ವಾಧೀನಪಡಿಸು ಎಂದರ್ಥ. ಇನ್ನೂ ನೊಗ ಹೊರದ ಹೋರಿಗೆ ದಮ್ಯವೆಂದೂ, ಇಂದ್ರಿಯಗಳನ್ನು ಅಡಗಿಸಿದವನಿಗೆ ದಾಂತನೆಂದೂ ಹೆಸರು. ಇಂಗ್ಲಿಷಿನ ಟೇಮ್, ಲ್ಯಾಟಿನಿನ ದೊಮಾರೆ, ಗ್ರೀಕಿನ ದಮಾಜೋ, ಇವೆಲ್ಲವೂ ಆ ಧಾತುವಿನ ಒಡಹುಟ್ಟುಗಳೇ.

ಹಾಗಾದರೆ ನಮ್ಮ ಪೂರ್ವಿಕರು ಹಗ್ಗವನ್ನೂ ಮೂಗುದಾರವನ್ನೂ ಅರಿಯದವರೋ? ಅಲ್ಲ. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ 1971ನೇ ಇಸವಿಯ ವರೆಗೂ ಖೆಡ್ಡಾ ನಡೆಯುತ್ತಿತ್ತು. ಹಿಡಿದ ಆನೆಯನ್ನು ಹಗ್ಗಗಳಿಂದ ಬಿಗಿದು ಕಟ್ಟುವದು ದಮನವೇ ಸರಿ. ಬಳಿಕ ಪಳಗಿದ ಆನೆಗಳನ್ನು ಅದರ ಬಳಿ ನಿಲ್ಲಿಸುವದು, ಮಾವುತನು ಕಬ್ಬು ಬೆಲ್ಲಗಳನ್ನು ಹಿಡಿದು ದಿನದಿನವೂ ಹತ್ತರ ಬರುವದು, ಆನೆಯು ಅವನ ವಾಸನೆಯನ್ನೂ ಕೂಗನ್ನೂ ಗುರುತಿಸುವದು, ಇದೇ ಪಳಗಿಸುವಿಕೆ. ಹಗ್ಗವು ಒಂದು ದಿನದ ಕೆಲಸ. ಉಳಿದದ್ದಕ್ಕೆ ತಿಂಗಳುಗಳು ಬೇಕು. ಕನ್ನಡದ ಮಾತು ತಿಂಗಳುಗಳನ್ನು ಹಿಡಿಯಿತು, ಹಗ್ಗವನ್ನು ಹೇಳದೆ ಬಿಟ್ಟಿತು. ಇದರಲ್ಲಿ ಸ್ವಲ್ಪ ಮರೆಮಾಚುವಿಕೆಯೂ ಇದೆಯೆಂದು ನಮಗೆ ತೋರುತ್ತದೆ.

ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯಲ್ಲಿ ದಮಾಜೋ ಎಂಬದು ಎರಡೇ ಸ್ಥಳಗಳಲ್ಲಿ ಬರುತ್ತದೆ. ಮಾರ್ಕನ 5ನೇ ಅಧ್ಯಾಯದಲ್ಲಿ ಸಂಕೋಲೆಗಳನ್ನೂ ಮುರಿದುಹಾಕಿದವನನ್ನು ಯಾರೂ ಅಡಗಿಸಲಾರದೆ ಇದ್ದರೆಂದು ಹೇಳುವಲ್ಲಿ ಒಂದು ಸಾರಿ. ಯಾಕೋಬನ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಮೃಗಪಕ್ಷಿಗಳ ಮತ್ತು ನಾಲಿಗೆಯ ವಿಷಯವಾಗಿ ಮೂರು ಸಾರಿ. ಇದನ್ನು ಪಳಗಿಸು ಎಂದು ತಿಳಿದು ಓದುವವರಿಗೆ ಒಂದು ತೊಡಕು ಉಂಟು. ಕನ್ನಡದಲ್ಲಿ ಪಳಗಿದ ಕೈ ಎಂದರೆ ನುರಿತ ಕೈ, ಪಳಗಿದ ನಾಲಿಗೆ ಎಂದರೆ ಮಾತಿನಲ್ಲಿ ನುರಿತ ನಾಲಿಗೆ. ನೆರೆಮನೆಯವಳನ್ನು ಇಪ್ಪತ್ತು ವರ್ಷ ಬೈದ ನಾಲಿಗೆಯೂ ಒಳ್ಳೇದಾಗಿ ಪಳಗಿದ್ದೇ ಆಗಿದೆ. ಯಾಕೋಬನು ಯಾರಿಂದಲೂ ಆಗದೆಂದು ಹೇಳಿದ್ದು ಆ ಪಳಗುವಿಕೆಯನ್ನಲ್ಲ, ದಮನವನ್ನು.