ಬಾಸ್ ಮೀನಿನ ಗಾಳ: ಕೋಲು, ರೀಲ್, ದಾರ, ಲ್ಯೂರ್ ಆರಿಸುವ ಲೆಕ್ಕ

ಗಾಳ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಒಂದು ಬಿದಿರು ಕೋಲು, ತುದಿಗೆ ನೈಲಾನ್ ದಾರ, ಒಂದು ಕೊಕ್ಕೆ, ಕೊಕ್ಕೆಗೆ ಎರೆಹುಳ. ಕೆರೆ ಏರಿ ಮೇಲೆ ಕೂತವರ ಕೈಯಲ್ಲಿ ಇಷ್ಟೇ ಇರುತ್ತೆ, ಮೀನೂ ಬೀಳುತ್ತೆ. ಆದರೆ ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರ ಮಾತು ಕೇಳಿದರೆ ತಲೆ ತಿರುಗುತ್ತೆ. "ಮೀಡಿಯಂ ಹೆವಿ ಪವರ್, ಫಾಸ್ಟ್ ಆ್ಯಕ್ಷನ್, 7:1 ರೀಲ್, 15 ಪೌಂಡ್ ಫ್ಲೋರೋಕಾರ್ಬನ್" ಅಂತ ಡೇಟಾ ಹ್ಯಾಂಡ್‌ಬುಕ್ ಓದಿದ ಹಾಗೆ ಹೇಳ್ತಾರೆ. ಈ ಸಂಖ್ಯೆಗಳ ಹಿಂದೆ ಇರೋದೆಲ್ಲ ನಾವು ಮೊದಲೆರಡು ವರ್ಷದಲ್ಲಿ ಓದೋ ಮೆಕ್ಯಾನಿಕ್ಸೇ. ಹಾಗಾಗಿ ಈ ಸಲ ಗಾಳವನ್ನೇ ಪಾಠ ಮಾಡಿಕೊಳ್ಳೋಣ.

ಮೊದಲು ಮೀನಿನ ಪರಿಚಯ

ಇಲ್ಲಿ ಬಾಸ್ ಅಂದ್ರೆ ಆಫೀಸಿನ ಬಾಸ್ ಅಲ್ಲ, ಟಿವಿಯ ಬಿಗ್ ಬಾಸೂ ಅಲ್ಲ. ನಾವು ಹೇಳ್ತಿರೋದು ಲಾರ್ಜ್‌ಮೌತ್ ಬಾಸ್ ಬಗ್ಗೆ. ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಸಿಹಿನೀರಿನ ಮೀನು ಇದು. ಹೆಸರೇ ಹೇಳುವಂತೆ ಬಾಯಿ ದೊಡ್ಡದು. ಕಳೆಗಿಡ, ಮುಳುಗಿದ ಮರ, ದೋಣಿಕಟ್ಟೆಯ ನೆರಳು, ಇಂಥ ಕಡೆ ಅಡಗಿ ಕೂತು ಹತ್ತಿರ ಬಂದದ್ದನ್ನು ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳ್ಕೊಳ್ಳುತ್ತೆ.

ಇದರ ದಾಖಲೆ ತೂಕ 22 ಪೌಂಡ್ 4 ಔನ್ಸ್, ಅಂದ್ರೆ ಸುಮಾರು 10 ಕೆಜಿ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಹಿಡಿದದ್ದು. 2009ರ ಜುಲೈ 2ರಂದು ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಈ ದಾಖಲೆಯನ್ನು ಸರಿಗಟ್ಟಿದರು. ಸಾಮಾನ್ಯವಾಗಿ ಸಿಗೋದು ಒಂದೆರಡು ಕೆಜಿಯ ಮೀನು. ಅದರಲ್ಲೂ ಬಹಳಷ್ಟನ್ನು ಹಿಡಿದು ಮತ್ತೆ ನೀರಿಗೆ ಬಿಡ್ತಾರೆ. 1972ರಲ್ಲಿ ರೇ ಸ್ಕಾಟ್ ತಮ್ಮ ಬಾಸ್ ಪಂದ್ಯಗಳಲ್ಲಿ ಹಿಡಿದು ಬಿಡುವ ಪದ್ಧತಿ ತಂದ ಮೇಲೆ ಇದು ಆ ಆಟದ ಸಂಪ್ರದಾಯವೇ ಆಯಿತು.

ಇದನ್ನು ಯಾಕೆ ಹೇಳಿದ್ವಿ ಅಂದ್ರೆ, ಸಾಮಾನು ಆರಿಸೋ ಲೆಕ್ಕವೇ ಇದರಿಂದ ಬದಲಾಗುತ್ತೆ. ದಾರ ತುಂಡಾದರೆ ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತೆ, ಹಿಂದೆ ಮೀಟರುಗಟ್ಟಲೆ ದಾರ ಎಳ್ಕೊಂಡು ಅದು ಓಡಾಡುತ್ತೆ. ತೀರಾ ತೆಳು ಸಾಮಾನು ಹಿಡಿದು ಅರ್ಧ ಗಂಟೆ ಆಡಿಸಿದರೆ ಮೀನು ಸುಸ್ತಾಗಿ, ನೀರಿಗೆ ಬಿಟ್ಟ ಮೇಲೂ ಸಾಯಬಹುದು. ಬೇಗ ಎಳೆದು, ಬೇಗ ಬಿಡೋಕೆ ಆಗಬೇಕು, ಮಧ್ಯೆ ಏನೂ ಮುರೀಬಾರದು. ಇದೇ ನಮ್ಮ ಡಿಸೈನ್ ಕಂಡಿಷನ್.

ಆರಿಸೋ ಕ್ರಮ: ನೀರಿನ ಕಡೆಯಿಂದ ಕೈ ಕಡೆಗೆ

ಹೊಸಬರು ಮೊದಲು ಚೆಂದದ ರೀಲ್ ಕೊಳ್ತಾರೆ, ಆಮೇಲೆ ಅದಕ್ಕೆ ಹೊಂದೋ ಕೋಲು ಹುಡುಕ್ತಾರೆ. ಕ್ರಮ ಉಲ್ಟಾ ಇರಬೇಕು. ನೀರು ಹೇಗಿದೆ ಅನ್ನೋದು ಲ್ಯೂರ್ ತೀರ್ಮಾನಿಸುತ್ತೆ, ಲ್ಯೂರ್ ದಾರವನ್ನು, ದಾರ ಕೋಲನ್ನು, ಕೊನೆಗೆ ಇವೆಲ್ಲ ಸೇರಿ ರೀಲನ್ನು.

1. ಲ್ಯೂರ್

ಲ್ಯೂರ್ ಅಂದ್ರೆ ಮರ, ಲೋಹ, ಪ್ಲಾಸ್ಟಿಕ್‌ನಲ್ಲಿ ಮಾಡಿದ ನಕಲಿ ಆಹಾರ. ನೂರಾರು ನಮೂನೆ ಇವೆ, ಆದರೆ ಕೆಲಸದ ಲೆಕ್ಕದಲ್ಲಿ ಮೂರು ಗುಂಪು ಸಾಕು.

ನೀರಿನ ಮೇಲೆ ಆಡೋದು: ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಇದರಲ್ಲಿ ಪ್ರಸಿದ್ಧ. ಕೊಕ್ಕೆ ಮೈಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತೆ, ಹಾಗಾಗಿ ದಟ್ಟ ಕಳೆಯ ಮೇಲೂ ಸಿಕ್ಕಿಕೊಳ್ಳದೆ ಜಾರುತ್ತೆ.

ನಡುನೀರಲ್ಲಿ ಓಡೋದು: ಕ್ರ್ಯಾಂಕ್‌ಬೈಟ್ ಅನ್ನೋ ಮೀನಿನಾಕಾರದ ಲ್ಯೂರ್‌ಗೆ ಮೂತಿ ಹತ್ತಿರ ಒಂದು ಪ್ಲಾಸ್ಟಿಕ್ ತುಟಿ ಇರುತ್ತೆ. ಎಳೆದಾಗ ನೀರು ಆ ತುಟಿಗೆ ಬಡಿದು ಲ್ಯೂರನ್ನು ಕೆಳಕ್ಕೆ ಒತ್ತುತ್ತೆ, ಜೊತೆಗೆ ಅಕ್ಕಪಕ್ಕ ಅಲ್ಲಾಡಿಸುತ್ತೆ. ಸಾಮಾನ್ಯವಾಗಿ ತುಟಿ ಉದ್ದವಾದಷ್ಟೂ ಆಳಕ್ಕೆ ಇಳಿಯುತ್ತೆ. ಕದಡಿದ ನೀರಲ್ಲಿ ಮೀನಿಗೆ ಲ್ಯೂರ್ ಸರಿಯಾಗಿ ಕಾಣದಿದ್ದರೂ ಮೈಪಕ್ಕದ ಲ್ಯಾಟರಲ್ ಲೈನ್ ಮೂಲಕ ಈ ಅಲುಗಾಟ ಗೊತ್ತಾಗುತ್ತೆ.

ತಳದಲ್ಲಿ ಸರಿಯೋದು: ಜಿಗ್ ಮತ್ತು ಪ್ಲಾಸ್ಟಿಕ್ ಹುಳ. ಈಗಿನ ಮೆತ್ತನೆ ಪ್ಲಾಸ್ಟಿಕ್ ಹುಳವನ್ನು 1949ರಲ್ಲಿ ಓಹಾಯೋದ ನಿಕ್ ಕ್ರೀಮ್ ಮಾಡಿದರು. ಕೊಕ್ಕೆಯ ಮೊನೆಯನ್ನು ಹುಳದ ಮೈಯೊಳಗೇ ಹುದುಗಿಸಿ, ಮುಂದೆ ಗುಂಡಿನಾಕಾರದ ತೂಕ ಹಾಕೋದಕ್ಕೆ ಟೆಕ್ಸಸ್ ರಿಗ್ ಅಂತಾರೆ. ತೂಕ ಸೀಸದ್ದು ಬೇಡ. ಲೂನ್‌ನಂಥ ನೀರುಹಕ್ಕಿಗಳು ಸೀಸ ನುಂಗಿ ಸಾಯ್ತಾವೆ ಅಂತ ನ್ಯೂ ಹ್ಯಾಂಪ್‌ಶೈರ್ ತರಹದ ರಾಜ್ಯಗಳು ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿವೆ. ಟಂಗ್‌ಸ್ಟನ್ ದುಬಾರಿ, ಆದರೆ ಸಾಂದ್ರತೆ ಜಾಸ್ತಿ. ಸೀಸದ್ದು 11.3, ಟಂಗ್‌ಸ್ಟನ್‌ದು 19.3. ಅದೇ ತೂಕ, ಚಿಕ್ಕ ಗಾತ್ರ.

2. ದಾರ

ನಮ್ಮ ಊರುಗಳಲ್ಲಿ ತಂಗೂಸಿ ಅನ್ನೋ ನೈಲಾನ್ ದಾರ ಇಲ್ಲೂ ಇದೆ, ಅದರ ಜೊತೆ ಇನ್ನೆರಡು. ಮೂರರ ಗುಣ ಬೇರೆ ಬೇರೆ.

ನೈಲಾನ್ ಮೋನೋ: ಸಾಂದ್ರತೆ ಸುಮಾರು 1.14. ಮುರಿಯೋ ಮೊದಲು ಶೇ. 20ಕ್ಕಿಂತ ಜಾಸ್ತಿ ಹಿಗ್ಗಬಲ್ಲದು. ಅಗ್ಗ, ಗಂಟು ಹಾಕೋಕೆ ಸುಲಭ. ನೀರು ಹೀರಿ ಸ್ವಲ್ಪ ಬಲ ಕಳ್ಕೊಳ್ಳುತ್ತೆ, ಬಿಸಿಲಿಗೆ ಹಳೆಯದಾಗುತ್ತೆ.

ಫ್ಲೋರೋಕಾರ್ಬನ್: ಸಾಂದ್ರತೆ ಸುಮಾರು 1.78, ಹಾಗಾಗಿ ಮುಳುಗುತ್ತೆ. ವಕ್ರೀಭವನ ಸೂಚ್ಯಂಕ 1.42. ನೀರಿನದು 1.33, ನೈಲಾನ್‌ದು 1.53 ಆಸುಪಾಸು. ನೀರಿಗೆ ಹತ್ತಿರ ಇರೋದರಿಂದ ತಿಳಿನೀರಲ್ಲಿ ಕಮ್ಮಿ ಕಾಣುತ್ತೆ. ನೀರಿನ ಮೇಲೆ ಆಡೋ ಲ್ಯೂರ್‌ಗೆ ಮಾತ್ರ ಇದು ಬೇಡ, ಮೂತಿಯನ್ನು ಕೆಳಕ್ಕೆ ಎಳೆಯುತ್ತೆ.

ಬ್ರೇಡ್: ಪಾಲಿಎಥಿಲೀನ್ ಎಳೆಗಳನ್ನು ಜಡೆ ಹಾಕಿದ ಹಾಗೆ ಹೆಣೆದದ್ದು. ಸಾಂದ್ರತೆ 0.97, ತೇಲುತ್ತೆ. ಅದೇ ಬಲಕ್ಕೆ ನೈಲಾನ್‌ಗಿಂತ ಬಹಳ ತೆಳು. ಹಿಗ್ಗೋದು ಶೇ. 5ಕ್ಕಿಂತ ಕಮ್ಮಿ.

ಹಿಗ್ಗೋದು ಒಳ್ಳೇದಾ ಕೆಟ್ಟದ್ದಾ? ಎರಡೂ. ಹಿಗ್ಗದ ದಾರದಲ್ಲಿ ಮೀನು ಮುಟ್ಟಿದ್ದು ತಕ್ಷಣ ಕೈಗೆ ತಿಳಿಯುತ್ತೆ, ಆದರೆ ಜರ್ಕ್ ಬಂದಾಗ ಅದನ್ನು ತಡ್ಕೊಳ್ಳೋ ಸ್ಪ್ರಿಂಗ್ ಇರಲ್ಲ. ದಾರದ ಸ್ಟಿಫ್‌ನೆಸ್ k = EA/L. 30 ಮೀಟರ್ ದಾರ ಹೊರಗಿದ್ದಾಗ ಎಷ್ಟಿರುತ್ತೋ, 3 ಮೀಟರ್ ಇದ್ದಾಗ ಅದರ ಹತ್ತರಷ್ಟು. ಹಾಗಾಗಿಯೇ ದೋಣಿ ಹತ್ತಿರ ಬಂದ ಮೀನು ಕೊನೆಯ ಬಾರಿ ತಲೆ ಕೊಡವಿದಾಗ ದಾರ ಪಟ್ ಅನ್ನೋ ಸಾಧ್ಯತೆ ಹೆಚ್ಚು.

3. ಕೋಲು

ಕೋಲು ಒಂದು ಟೇಪರ್ ಆದ ಕ್ಯಾಂಟಿಲಿವರ್. ಅದರ ಮೇಲೆ ಎರಡು ಮಾತು ಬರೆದಿರುತ್ತೆ, ಪವರ್ ಮತ್ತು ಆ್ಯಕ್ಷನ್. ಇವೆರಡನ್ನು ಒಂದೇ ಅಂದ್ಕೊಳ್ಳೋದು ಸಾಮಾನ್ಯ. ಪವರ್ ಅಂದ್ರೆ ಒಟ್ಟು ಎಷ್ಟು ಗಟ್ಟಿ ಅನ್ನೋದು: ಲೈಟ್, ಮೀಡಿಯಂ, ಹೆವಿ ಹೀಗೆ. ಆ್ಯಕ್ಷನ್ ಅಂದ್ರೆ ಎಲ್ಲಿ ಬಾಗುತ್ತೆ ಅನ್ನೋದು. ತುದಿಯ ಮೂರನೇ ಒಂದು ಭಾಗದಲ್ಲಿ ಮಾತ್ರ ಬಾಗಿದರೆ ಫಾಸ್ಟ್, ಅರ್ಧದವರೆಗೂ ಬಾಗಿದರೆ ಮಾಡರೇಟ್. ನಮ್ಮ ಭಾಷೆಯಲ್ಲಿ ಪವರ್ ಅಂದ್ರೆ EI ಎಷ್ಟು, ಆ್ಯಕ್ಷನ್ ಅಂದ್ರೆ EI ಉದ್ದಕ್ಕೂ ಹೇಗೆ ಹಂಚಿದೆ.

ಟೆಕ್ಸಸ್ ರಿಗ್‌ನಲ್ಲಿ ದಪ್ಪನೆಯ ಒಂಟಿ ಕೊಕ್ಕೆ ಇರುತ್ತೆ. ಅದು ಪ್ಲಾಸ್ಟಿಕ್ ದಾಟಿ ಮೀನಿನ ದವಡೆಗೆ ಚುಚ್ಚಬೇಕು, ಅದಕ್ಕೆ ಫಾಸ್ಟ್ ಆ್ಯಕ್ಷನ್ ಬೇಕು. ಕ್ರ್ಯಾಂಕ್‌ಬೈಟ್‌ನಲ್ಲಿ ಇರೋದು ತೆಳುವಾದ ಮುಮ್ಮೊನೆ ಕೊಕ್ಕೆಗಳು, ಮೀನು ತಾನಾಗಿ ಸಿಕ್ಕಿಕೊಳ್ಳುತ್ತೆ. ಅಲ್ಲಿ ಗಟ್ಟಿ ಕೋಲಿನಿಂದ ಜಗ್ಗಿದರೆ ಕೊಕ್ಕೆ ಬಾಯಿ ಹರಿದು ಹೊರಬರುತ್ತೆ. ಅದಕ್ಕೇ ಮಾಡರೇಟ್ ಕೋಲು, ಕೆಲವರು ಈಗಲೂ ಫೈಬರ್‌ಗ್ಲಾಸ್ ಕೋಲನ್ನೇ ಇಟ್ಕೊಳ್ತಾರೆ.

ಉದ್ದ ಸಾಮಾನ್ಯವಾಗಿ ಆರೂವರೆಯಿಂದ ಏಳೂವರೆ ಅಡಿ. ಉದ್ದ ಹೆಚ್ಚಾದರೆ ತುದಿಯ ವೇಗ ಹೆಚ್ಚು, ದೂರ ಬೀಳುತ್ತೆ. ಆದರೆ δ = PL³/3EI ಮರೀಬೇಡಿ. ಅದೇ ಅಡ್ಡಕೊಯ್ತದ ಕೋಲನ್ನು 6 ಅಡಿಯಿಂದ 7 ಅಡಿ ಮಾಡಿದರೆ ಅದೇ ಭಾರಕ್ಕೆ ಬಾಗೋದು ಸುಮಾರು ಶೇ. 59 ಜಾಸ್ತಿ.

4. ರೀಲ್

ಎರಡು ಜಾತಿ. ಬೈಟ್‌ಕಾಸ್ಟರ್‌ನಲ್ಲಿ ದಾರ ಹೋಗುವಾಗ ಸ್ಪೂಲ್ ತಾನೇ ತಿರುಗುತ್ತೆ. ಇದರ ಹಿರಿಯ ರೂಪವನ್ನು 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಗಡಿಯಾರ ಮಾಡುವ ಜಾರ್ಜ್ ಸ್ನೈಡರ್ ತಯಾರಿಸಿದರು, ಗೇರ್ ಬಂದದ್ದು ಗಡಿಯಾರದ ಕೆಲಸದಿಂದ. ಸ್ಪಿನ್ನಿಂಗ್ ರೀಲ್‌ನಲ್ಲಿ ಸ್ಪೂಲ್ ನಿಂತಿರುತ್ತೆ, ದಾರ ಅಂಚಿನಿಂದ ಸುರುಳಿಯಾಗಿ ಜಾರುತ್ತೆ. ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಬಟ್ಟೆ ಗಿರಣಿಯ ಉದ್ಯಮದವರು.

ಬೈಟ್‌ಕಾಸ್ಟರ್‌ನ ತೊಂದರೆ ಏನಂದ್ರೆ ಲ್ಯೂರ್ ನಿಧಾನ ಆದರೂ ಸ್ಪೂಲ್ ತನ್ನ ಇನರ್ಷಿಯಾದಲ್ಲಿ ತಿರುಗ್ತಾನೇ ಇರುತ್ತೆ. ದಾರ ಗೋಜಲಾಗುತ್ತೆ, ಅದಕ್ಕೆ ಅವರು ಹಕ್ಕಿಗೂಡು ಅಂತಾರೆ. ತಡೆಯೋಕೆ ಆಯಸ್ಕಾಂತದ ಬ್ರೇಕ್ ಇರುತ್ತೆ: ತಿರುಗೋ ಸ್ಪೂಲ್‌ನಲ್ಲಿ ಎಡ್ಡಿ ಕರೆಂಟ್ ಹುಟ್ಟಿ ಅದನ್ನೇ ತಡೆಯುತ್ತೆ, ಲೆನ್ಜ್ ನಿಯಮ. ಹೊಸಬರಿಗೂ ಹಗುರ ಲ್ಯೂರ್‌ಗೂ ಸ್ಪಿನ್ನಿಂಗ್ ವಾಸಿ.

ಗೇರ್ ಅನುಪಾತ ಅಂದ್ರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಎಷ್ಟು ಸುತ್ತು ಅನ್ನೋದು. 32 ಮಿಮೀ ವ್ಯಾಸದ ಸ್ಪೂಲ್‌ಗೆ 5.4:1 ಇದ್ದರೆ ಸುತ್ತಿಗೆ ಸುಮಾರು 54 ಸೆಂಮೀ ದಾರ ಬರುತ್ತೆ, 8.1:1 ಇದ್ದರೆ 81 ಸೆಂಮೀ. ಆಳಕ್ಕಿಳಿಯೋ ಕ್ರ್ಯಾಂಕ್‌ಬೈಟ್ ನೀರನ್ನು ಜೋರಾಗಿ ತಳ್ಳುತ್ತೆ, ಕೈಗೆ ಭಾರ. ಅಲ್ಲಿ ಕಮ್ಮಿ ಅನುಪಾತ. ಜಿಗ್ ಮತ್ತು ಕಪ್ಪೆಯಲ್ಲಿ ಕೆಲಸ ಮಾಡೋದು ಕೋಲು, ರೀಲ್ ಸಡಿಲ ದಾರ ಎಳ್ಕೊಂಡರೆ ಸಾಕು. ಅಲ್ಲಿ ಹೆಚ್ಚು ಅನುಪಾತ.

ಡ್ರ್ಯಾಗ್: ಇಲ್ಲಿದೆ ಅಸಲಿ ಲೆಕ್ಕ

ಡ್ರ್ಯಾಗ್ ಅಂದ್ರೆ ರೀಲ್ ಒಳಗಿನ ಫ್ರಿಕ್ಷನ್ ಕ್ಲಚ್. ಎಳೆತ ಒಂದು ಮಿತಿ ಮೀರಿದರೆ ಸ್ಪೂಲ್ ಜಾರಿ ದಾರ ಬಿಡುತ್ತೆ. ದಾರದ ಬಲದ ಕಾಲು ಭಾಗಕ್ಕೆ ಡ್ರ್ಯಾಗ್ ಇಡಿ ಅನ್ನೋದು ರೂಢಿ. ಕಾಲು ಭಾಗ ಮಾತ್ರ ಯಾಕೆ? ಉಳಿದ ಮುಕ್ಕಾಲು ದಂಡ ಅಲ್ವಾ? ಲೆಕ್ಕ ಹಾಕೋಣ.

12 ಪೌಂಡ್ ದಾರ, ಅಂದ್ರೆ ಸುಮಾರು 53 ನ್ಯೂಟನ್. ರೀಲ್‌ನಿಂದ ನೇರ ಎಳೆದು ಡ್ರ್ಯಾಗನ್ನು 3 ಪೌಂಡ್‌ಗೆ, ಅಂದ್ರೆ 13.3 ನ್ಯೂಟನ್‌ಗೆ ಇಟ್ಟಿದ್ದೀವಿ. ಫ್ಯಾಕ್ಟರ್ ಆಫ್ ಸೇಫ್ಟಿ 4 ಅನ್ನಿಸುತ್ತೆ.

ಈಗ ಕೋಲು ಬಾಗಿದೆ, ದಾರ ಉಂಗುರಗಳ ಮೂಲಕ ಒಟ್ಟು 90 ಡಿಗ್ರಿ ತಿರುಗಿದೆ. ಕ್ಯಾಪ್‌ಸ್ಟನ್ ಸಮೀಕರಣದಲ್ಲಿ μ = 0.15 ಅಂತ ಇಟ್ಕೊಂಡರೆ ಎಳೆತ 1.27 ಪಟ್ಟು, ಅಂದ್ರೆ ಸುಮಾರು 17 ನ್ಯೂಟನ್. ಮೀನು ದೂರ ಓಡಿ ಸ್ಪೂಲ್ ಮೇಲಿನ ದಾರದ ವ್ಯಾಸ 32ರಿಂದ 24 ಮಿಮೀಗೆ ಇಳಿದಿದೆ ಅನ್ನಿ. ಕ್ಲಚ್‌ನ ಟಾರ್ಕ್ ಅಷ್ಟೇ ಇದೆ, ತ್ರಿಜ್ಯ ಕಮ್ಮಿ ಆಯ್ತು, ಹಾಗಾಗಿ ಎಳೆತ 1.33 ಪಟ್ಟು. ಈಗ ಸುಮಾರು 22.5 ನ್ಯೂಟನ್. ಇತ್ತ ದಾರದಲ್ಲಿ ಗಂಟು ಇದೆ. ಗಂಟು ಶೇ. 80 ಬಲ ಉಳಿಸಿದೆ ಅಂದ್ಕೊಂಡರೂ ಮುರಿಯೋ ಬಲ ಸುಮಾರು 43ಕ್ಕೆ ಇಳಿಯಿತು.

43 ಭಾಗಿಸು 22.5. ನಾಲ್ಕು ಇದ್ದದ್ದು 1.9 ಆಯ್ತು. ನಿಂತ ಕ್ಲಚ್ ಜಾರೋಕೆ ಶುರು ಮಾಡುವಾಗ ಬೇಕಾಗೋ ಹೆಚ್ಚಿನ ಬಲ, ಮೀನು ತಲೆ ಕೊಡವುವ ಜರ್ಕ್, ಕಲ್ಲಿಗೆ ಉಜ್ಜಿ ಆದ ಗೀರು, ಇವೆಲ್ಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ದಂಡ ಅನ್ನಿಸಿದ ಮುಕ್ಕಾಲು ಭಾಗ ಖರ್ಚಾಗೋದು ಇಲ್ಲೇ.

ನಾಲ್ಕು ಸಿದ್ಧ ಜೋಡಿಗಳು

ಮೊದಲ ಸಲಕ್ಕೆ: 7 ಅಡಿ ಮೀಡಿಯಂ ಫಾಸ್ಟ್ ಸ್ಪಿನ್ನಿಂಗ್ ಕೋಲು, 2500 ಸೈಜಿನ ರೀಲ್, 8 ಪೌಂಡ್ ನೈಲಾನ್, 5ರಿಂದ 10 ಗ್ರಾಂ ಲ್ಯೂರ್.

ಜಿಗ್, ಟೆಕ್ಸಸ್ ರಿಗ್‌ಗೆ: 7 ಅಡಿ ಮೀಡಿಯಂ ಹೆವಿ ಫಾಸ್ಟ್, 7:1 ಬೈಟ್‌ಕಾಸ್ಟರ್, 15 ಪೌಂಡ್ ಫ್ಲೋರೋಕಾರ್ಬನ್.

ಕ್ರ್ಯಾಂಕ್‌ಬೈಟ್‌ಗೆ: 7 ಅಡಿ ಮೀಡಿಯಂ ಮಾಡರೇಟ್, 5ರಿಂದ 6:1 ಬೈಟ್‌ಕಾಸ್ಟರ್, 10ರಿಂದ 12 ಪೌಂಡ್ ಫ್ಲೋರೋಕಾರ್ಬನ್.

ದಟ್ಟ ಕಳೆಯಲ್ಲಿ ಕಪ್ಪೆಗೆ: 7 ಅಡಿ ಮೀರಿದ ಹೆವಿ ಕೋಲು, 7:1 ಅಥವಾ ಹೆಚ್ಚಿನ ಬೈಟ್‌ಕಾಸ್ಟರ್, 50ರಿಂದ 65 ಪೌಂಡ್ ಬ್ರೇಡ್. ಎರಡು ಕೆಜಿ ಮೀನಿಗೆ ಇದು ಅತಿ ಅನ್ನಿಸಬಹುದು, ಆದರೆ ಇಲ್ಲಿ ಎಳೀಬೇಕಾದ್ದು ಮೀನಿನ ಜೊತೆ ಬುಟ್ಟಿಯಷ್ಟು ಕಳೆ.

ನಮ್ಮ ಕಡೆಯವರಿಗೆ ಎರಡು ಮಾತು

ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋಗೋ ಸೀನಿಯರ್‌ಗಳೇ, ಅಲ್ಲಿ ಗಾಳ ಹಾಕೋಕೆ ಆಯಾ ರಾಜ್ಯದ ಲೈಸೆನ್ಸ್ ಬೇಕು. ಮೊದಲು ಅದನ್ನು ತಗೊಳ್ಳಿ. ಒದ್ದೆ ಕೈಯಲ್ಲೇ ಮೀನು ಮುಟ್ಟಿ, ದೊಡ್ಡದಾದರೆ ಬರೀ ದವಡೆ ಹಿಡಿದು ನೇತಾಡಿಸದೆ ಹೊಟ್ಟೆಗೂ ಕೈ ಕೊಡಿ.

ಇಲ್ಲೇ ಇರೋರು ಈ ಸಾಮಾನು ಹಿಡ್ಕೊಂಡು ಕಾವೇರಿಗೆ ಹೊರಡಬೇಡಿ. ನಮ್ಮ ಮಹಸೀರ್ ಬೇರೆಯದೇ ಲೆಕ್ಕ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡಿನದು, ಬಾಸ್ ದಾಖಲೆಯ ಐದು ಪಟ್ಟಿಗಿಂತ ಜಾಸ್ತಿ. ಆದರೆ ಕಾವೇರಿಯ ಆ ಡುಬ್ಬದ ಮಹಸೀರ್ ಇವತ್ತು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದನ್ನು ಬಿಟ್ಟುಬಿಡಿ.

ಕೊನೆಗೆ ಒಂದು ಅಸೈನ್‌ಮೆಂಟ್, ಇದನ್ನು ಹಾಸ್ಟೆಲ್‌ನಲ್ಲೇ ಮಾಡಬಹುದು. ಒಂದೇ ಸುರುಳಿಯ ನೈಲಾನ್ ದಾರದಿಂದ ಮೂರು ತುಂಡು ತಗೊಳ್ಳಿ. ಒಂದನ್ನು ಗಂಟಿಲ್ಲದೆ ದುಂಡನೆ ಸರಳಿಗೆ ಹತ್ತಾರು ಸುತ್ತು ಸುತ್ತಿ ಕಟ್ಟಿ, ಇನ್ನೊಂದಕ್ಕೆ ನಡುವೆ ಒಂದು ಸಾದಾ ಗಂಟು ಹಾಕಿ, ಮೂರನೆಯದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ. ಬಕೆಟ್ ತೂಗುಹಾಕಿ, ನೆಲದಿಂದ ಒಂದು ಗೇಣು ಮೇಲೆ ಇರಲಿ. ಅರ್ಧ ಲೀಟರ್ ಮಗ್‌ನಿಂದ ನೀರು ಸುರೀತಾ ಹೋಗಿ, ಕಾಲು ಪಕ್ಕಕ್ಕಿಟ್ಟುಕೊಳ್ಳಿ. ಯಾವ ದಾರ ಎಷ್ಟು ಲೀಟರಿಗೆ ಹೋಯ್ತು ಅಂತ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಫಲಿತಾಂಶ ಒಟ್ಟಿಗೆ ಹಾಕ್ತೀವಿ. ವಾರ್ಡನ್ ಕೇಳಿದರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಲ್ಯಾಬ್ ಅನ್ನಿ, ಅದು ಸುಳ್ಳೂ ಅಲ್ಲ.