ಕೈಯಲ್ಲಿ ಮೂರು ಕೆಲಸ, ಕರೆ ಬಂದಿರುವುದು ಒಂದಕ್ಕೆ

ಪ್ರಶ್ನೆ: ನನಗೆ 33 ವರ್ಷ. ಡಿಎಂಎಲ್‌ಟಿ ಮುಗಿಸಿ ಹತ್ತು ವರ್ಷದಿಂದ ಕುಂದಾಪುರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಬೆಳಿಗ್ಗೆ ಏಳರಿಂದ ಎರಡೂವರೆವರೆಗೆ ಕೆಲಸ, ಸಂಬಳ 14 ಸಾವಿರ. ಮಧ್ಯಾಹ್ನದ ಮೇಲೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ ಮಾಡುತ್ತೇನೆ. ಮದುವೆ ಸೀಸನ್ನಿನಲ್ಲಿ ತಿಂಗಳಿಗೆ 20 ಸಾವಿರದವರೆಗೂ ಬರುತ್ತದೆ, ಆಸಾಡಿಯಲ್ಲಿ ಎರಡು ಸಾವಿರವೂ ಕಷ್ಟ. ಎಲ್‌ಐಸಿ ಏಜೆನ್ಸಿಯೂ ಇದೆ, ಲ್ಯಾಬಿಗೆ ಬರುವವರಲ್ಲೇ ಕೆಲವರು ನನ್ನ ಹತ್ತಿರ ಪಾಲಿಸಿ ಮಾಡಿಸಿದ್ದಾರೆ. ಈಗ ಮಣಿಪಾಲದ ಕಡೆಯ ದೊಡ್ಡ ಲ್ಯಾಬೊಂದರಿಂದ ಹಿಸ್ಟೊಪೆಥಾಲಜಿ ವಿಭಾಗಕ್ಕೆ ಕರೆ ಬಂದಿದೆ. ಆರು ತಿಂಗಳು ತರಬೇತಿ, ಆಗ 16 ಸಾವಿರ, ನಂತರ 20. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಮ್ಮ, “ಅಕ್ಕ, ನೀನು ಎಲ್ಲದರಲ್ಲೂ ಅರ್ಧಂಬರ್ಧ, ಒಂದನ್ನು ಗಟ್ಟಿ ಹಿಡಿ” ಎನ್ನುತ್ತಾನೆ. ಅತ್ತೆ, “ಮೂರು ಕಸುಬಿದ್ದರೆ ಒಂದಾದರೂ ಅನ್ನ ಹಾಕ್ತದೆ, ಬಿಡಬೇಡ” ಎನ್ನುತ್ತಾರೆ. ಇತ್ತೀಚೆಗೆ ಕುತ್ತಿಗೆ ನೋವು ಬೇರೆ. ಏನು ಮಾಡಲಿ?
— ಹೆಸರು ಬೇಡ, ಕುಂದಾಪುರ ತಾಲ್ಲೂಕು

ಪ್ರೀತಿಯ ತಂಗಿ,

ನಿಮ್ಮ ತಮ್ಮ ಆಡಿದ ‘ಅರ್ಧಂಬರ್ಧ’ ಎಂಬ ಮಾತು ನಿಮ್ಮನ್ನು ನೋಯಿಸಿದೆ ಎಂದು ಕಾಗದ ಓದಿದರೇ ತಿಳಿಯುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತು ವರ್ಷ ಜನರ ರಕ್ತನಾಳ ಹುಡುಕಿ ಸೂಜಿ ಹಾಕಿದವರು, ಮಳೆಗಾಲದ ಡೆಂಗಿ, ಇಲಿಜ್ವರದ ದಿನಗಳಲ್ಲಿ ಸಾಲುಗಟ್ಟಿ ನಿಂತವರನ್ನು ಸಂಭಾಳಿಸಿದವರು ಅರ್ಧಂಬರ್ಧ ಆಗಿರಲು ಸಾಧ್ಯವಿಲ್ಲ. ಆದರೂ ಆತನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅತ್ತೆಯ ಮಾತನ್ನೂ ಅಷ್ಟೆ. ಇಬ್ಬರೂ ತಾವು ಬದುಕಿದ ಊರನ್ನು ಕಂಡು ಮಾತಾಡುತ್ತಿದ್ದಾರೆ.

ನಿಮ್ಮ ಕರಾವಳಿಯಲ್ಲಿ ಒಂದೇ ಕಸುಬಿನ ಮೇಲೆ ವರ್ಷ ದೂಡಿದವರು ಎಷ್ಟು ಮಂದಿ? ಯಕ್ಷಗಾನ ಮೇಳದ ಕಲಾವಿದರನ್ನೇ ನೋಡಿ. ನವೆಂಬರಿನಿಂದ ಮೇವರೆಗೆ ರಾತ್ರಿಯಿಡೀ ಆಟ. ಮಳೆ ಹಿಡಿದ ಮೇಲೆ ಒಬ್ಬರು ಗದ್ದೆಗೆ ಇಳಿಯುತ್ತಾರೆ, ಒಬ್ಬರು ಹೋಟೆಲಿಗೆ ಹೋಗುತ್ತಾರೆ, ಇನ್ನೊಬ್ಬರು ಬೆಂಗಳೂರು, ಮುಂಬೈಯ ಮಳೆಗಾಲದ ಪ್ರದರ್ಶನಗಳಿಗೆ ಹೊರಡುತ್ತಾರೆ. ಮೀನುಗಾರಿಕೆಯೂ ಹಾಗೆಯೇ, ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅಲ್ಲಿ ಎರಡು ಮೂರು ಕಸುಬು ಇಟ್ಟುಕೊಳ್ಳುವುದನ್ನು ಚಂಚಲತೆ ಎನ್ನಲಾಗದು. ಮಳೆ ನಿರ್ಧರಿಸಿದ ಲೆಕ್ಕ ಅದು.

ತಮ್ಮನ ಊರಿನ ಲೆಕ್ಕ ಬೇರೆ. ಆಡಂ ಸ್ಮಿತ್ 1776ರಲ್ಲಿ ಬರೆದ ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ಬಹಳ ಜನರಿಗೆ ಗೊತ್ತು. ಹತ್ತು ಮಂದಿ ಕೆಲಸ ಹಂಚಿಕೊಂಡು ದಿನಕ್ಕೆ 48 ಸಾವಿರಕ್ಕೂ ಹೆಚ್ಚು ಸೂಜಿ ಮಾಡುತ್ತಿದ್ದರಂತೆ. ಅದೇ ಪುಸ್ತಕದಲ್ಲಿ ಆತ ಹೇಳಿದ ಇನ್ನೊಂದು ಮಾತನ್ನು ಜನ ಮರೆಯುತ್ತಾರೆ. ಪೇಟೆ ಎಷ್ಟು ದೊಡ್ಡದೋ ಅಷ್ಟರ ಮಟ್ಟಿಗೆ ಮಾತ್ರ ಕೆಲಸವನ್ನು ಹೀಗೆ ಹಂಚಲು ಸಾಧ್ಯ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಂಟಿ ಮನೆಯ ರೈತ ತನ್ನ ಮಾಂಸವನ್ನು ತಾನೇ ಕಡಿಯಬೇಕು, ರೊಟ್ಟಿಯನ್ನು ತಾನೇ ಬೇಯಿಸಬೇಕು. ನಿಮ್ಮ ಲ್ಯಾಬೇ ಇದಕ್ಕೆ ಸಾಕ್ಷಿ. ಸಕ್ಕರೆ, ಹಿಮೋಗ್ಲೋಬಿನ್, ಮೂತ್ರ ಎಲ್ಲವನ್ನೂ ನೀವೇ ನೋಡುತ್ತೀರಿ, ಆದರೆ ಗಡ್ಡೆಯಿಂದ ತೆಗೆದ ತುಣುಕನ್ನು ಫಾರ್ಮಲಿನ್ ಡಬ್ಬಿಯಲ್ಲಿ ಹಾಕಿ ಮಣಿಪಾಲಕ್ಕೋ ಮಂಗಳೂರಿಗೋ ಕಳಿಸುತ್ತೀರಿ. ತಾಲ್ಲೂಕು ಊರಿನಲ್ಲಿ ಅದೊಂದಕ್ಕೇ ಒಬ್ಬರನ್ನು ಕೂರಿಸುವಷ್ಟು ಡಬ್ಬಿಗಳು ಬರುವುದಿಲ್ಲ, ಸುತ್ತಲ ಜಿಲ್ಲೆಗಳ ಡಬ್ಬಿಗಳು ಸೇರುವ ಕಡೆ ಬರುತ್ತವೆ. ಹಾಗಾಗಿ ಒಂದೋ ಹಲವೋ ಎಂದು ಕೇಳಿಕೊಳ್ಳುವ ಮೊದಲು ಮುಂದಿನ ಹದಿನೈದು ವರ್ಷ ಯಾವ ಪೇಟೆಗೆ ದುಡಿಯುತ್ತೀರಿ ಎಂದು ಕೇಳಿಕೊಳ್ಳಿ.

ಆ ಹಿಸ್ಟೊಪೆಥಾಲಜಿ ಕೆಲಸ ಎಂಥದ್ದು ಎಂದು ನಿಮಗೆ ಡಿಪ್ಲೊಮಾದಲ್ಲಿ ಕಂಡ ನೆನಪಿರಬಹುದು. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ತುಣುಕನ್ನು ಹಂತಹಂತವಾಗಿ ಆಲ್ಕೊಹಾಲ್‌ನಲ್ಲಿಟ್ಟು ನೀರು ತೆಗೆದು, ಜೈಲೀನ್ ದಾಟಿಸಿ, ಮೇಣದಲ್ಲಿ ಕೂರಿಸಬೇಕು. ಆ ಮೇಣದ ಬ್ಲಾಕನ್ನು ಮೈಕ್ರೊಟೋಮಿನಲ್ಲಿ ಮೂರರಿಂದ ಐದು ಮೈಕ್ರಾನ್ ದಪ್ಪಕ್ಕೆ ಕೊಯ್ಯಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರರಿಂದ ಐದು ಪಾಲು. ಬ್ಲೇಡಿನಿಂದ ರಿಬ್ಬನ್ನಿನಂತೆ ಹೊರಬಂದ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳಬೇಕು. ಬ್ಲೇಡಿನ ಬಾಯಿ ಒಂದಿಷ್ಟು ಮುರಿದಿದ್ದರೂ ಪದರದ ಉದ್ದಕ್ಕೂ ಗೀರು ಬೀಳುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ವೈದ್ಯರು ಹೇಳುವುದು ಆ ಸ್ಲೈಡ್ ನೋಡಿಯೇ. ಜರ್ದೋಸಿಯ ತಂತಿಯನ್ನು ಮುರಿಯದೆ ಬಟ್ಟೆಗೆ ಕೂರಿಸುವ ಕೈ ಇದನ್ನು ಬೇಗ ಕಲಿಯುತ್ತದೆ ಎಂದು ನನಗನಿಸುತ್ತದೆ.

ಇನ್ನೂ ಒಂದು ಕಾರಣಕ್ಕೆ ನಾನು ಈ ಕರೆಯನ್ನು ಹಗುರವಾಗಿ ಕಾಣುವುದಿಲ್ಲ. ರಕ್ತಕಣ ಎಣಿಸುವ ಕೆಲಸವನ್ನು ಸಣ್ಣ ಲ್ಯಾಬುಗಳಲ್ಲೂ ಈಗ ಯಂತ್ರವೇ ಮಾಡುತ್ತಿದೆ. ಎಲ್ಲವನ್ನೂ ಸ್ವಲ್ಪಸ್ವಲ್ಪ ಮಾಡಬಲ್ಲ ಟೆಕ್ನಿಷಿಯನ್‌ಗೆ ಸಂಬಳ ಏರದಿರಲು ಅದೂ ಒಂದು ಕಾರಣ. ಮೇಣದ ಬ್ಲಾಕ್ ಕೊಯ್ಯಲು ಇವತ್ತಿಗೂ ಪಳಗಿದ ಕೈ ಬೇಕು. ಜೊತೆಗೆ 2021ರ ಕೇಂದ್ರ ಕಾಯ್ದೆಯೊಂದು ಲ್ಯಾಬ್ ಕೆಲಸದವರೂ ಸೇರಿದಂತೆ ಆರೋಗ್ಯ ಕ್ಷೇತ್ರದ ಹಲವು ವೃತ್ತಿಗಳಿಗೆ ಅರ್ಹತೆ, ನೋಂದಣಿಯ ಚೌಕಟ್ಟು ತಂದಿದೆ. ಮುಂದೆ ಸರ್ಟಿಫಿಕೇಟಿನ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಿಮ್ಮ ಡಿಪ್ಲೊಮಾದ ಮೇಲೆ ಬಿಎಸ್ಸಿ ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆಯೇ ಎಂದೂ ವಿಚಾರಿಸಿ.

ಒಂದನ್ನೇ ಹಿಡಿದವರಿಗೂ ಅಪಾಯ ಇದ್ದೇ ಇದೆ. ಒಂದು ಕಾಲಕ್ಕೆ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರ ಬೆರಳಿನ ವೇಗ ನೋಡಿದರೆ ಬೆರಗಾಗುತ್ತಿತ್ತು. ಡಿಟಿಪಿ ಬಂದ ಮೇಲೆ ಆ ವೇಗಕ್ಕೆ ಕೆಲಸವೇ ಇಲ್ಲವಾಯಿತು. ಆದ್ದರಿಂದ ಆರಿ ಸೂಜಿಯನ್ನು ಮಾರಿಬಿಡಿ ಎಂದು ನಾನು ಹೇಳುವುದಿಲ್ಲ.

ಇಂಥ ಪ್ರಶ್ನೆ ಬಂದಾಗ ಜನ ಕೋಟದ ಶಿವರಾಮ ಕಾರಂತರ ಹೆಸರು ತೆಗೆಯುತ್ತಾರೆ, ನಿಮ್ಮೂರಿನ ಪಕ್ಕದವರೇ. ಕಾದಂಬರಿ, ಯಕ್ಷಗಾನ, ಮಕ್ಕಳ ವಿಶ್ವಕೋಶ, ಮುದ್ರಣಾಲಯ, ಪರಿಸರ ಹೋರಾಟ. ಆತ್ಮಕಥೆಗೂ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದೇ ಹೆಸರಿಟ್ಟರು. ಅಂಥ ದೈತ್ಯ ಶಕ್ತಿಯನ್ನು ಅಳತೆಗೋಲು ಮಾಡಿಕೊಂಡರೆ ನಾವೆಲ್ಲ ಸೋತವರೇ. ನನಗೆ ಹೆಚ್ಚು ದಾರಿ ತೋರಿಸುವವರು ಬಿ.ಜಿ.ಎಲ್. ಸ್ವಾಮಿ. ಅವರು ಮೊದಲು ಸಸ್ಯವಿಜ್ಞಾನಿ, ಅದರಲ್ಲಿ ಆಳವಾಗಿ ಇಳಿದವರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಹಸುರು ಹೊನ್ನು’ ಹುಟ್ಟಿದ್ದೇ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತ ಕಾಡು ಅಲೆದ ಅನುಭವದಿಂದ. ಒಂದು ವಿದ್ಯೆಯ ಆಳದಿಂದಲೇ ಇನ್ನೊಂದು ಬೆಳೆಯಿತು. ನಿಮ್ಮ ಮೂರರಲ್ಲಿ ಯಾವುದು ಯಾವುದಕ್ಕೆ ಬಲ ಕೊಡುತ್ತಿದೆ, ಯಾವುದು ಯಾವುದನ್ನು ತಿನ್ನುತ್ತಿದೆ ಎಂದು ನೋಡಿ.

ಹಾಗೆ ನೋಡಿದಾಗ ಮೊದಲು ಬಿಡಬೇಕಾದ್ದು ಎಲ್‌ಐಸಿ. ವಿಮೆ ಕೆಟ್ಟದ್ದೆಂದಲ್ಲ. ಲ್ಯಾಬಿಗೆ ಬಂದವರ ಸಕ್ಕರೆ ಎಷ್ಟಿದೆ, ಕ್ರಿಯಾಟಿನಿನ್ ಎಷ್ಟಿದೆ ಎಂಬುದು ಮನೆಯವರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಅವರಿಗೇ ನೀವು ಪಾಲಿಸಿ ಮಾಡಿಸಿದರೆ, ಪ್ರಪೋಸಲ್ ಫಾರ್ಮಿನಲ್ಲಿ ಕಾಯಿಲೆಯ ಪ್ರಶ್ನೆ ಬಂದಾಗ ನೀವು ಯಾರ ಕಡೆ? ಅವರು ಮುಚ್ಚಿಟ್ಟರೆ ನೀವು ಸುಮ್ಮನಿರುತ್ತೀರೋ, ಲ್ಯಾಬಿನ ಗುಟ್ಟು ಹೊರಗೆಡಹುತ್ತೀರೋ? ಮುಂದೆ ಕ್ಲೇಮು ತಿರಸ್ಕೃತವಾದರೆ ಆ ಮನೆಯ ಮುಂದೆ ನೀವು ತಲೆಯೆತ್ತಿ ಓಡಾಡುವುದು ಹೇಗೆ? ಈ ಎರಡು ಕೆಲಸ ಒಬ್ಬರ ಕೈಯಲ್ಲಿ ಇರಬಾರದು. ಇಂದಿನಿಂದಲೇ ಲ್ಯಾಬಿನವರಿಗೆ ಪಾಲಿಸಿ ಮಾಡಿಸುವುದು ನಿಲ್ಲಿಸಿ. ಹಳೆಯ ಪಾಲಿಸಿಗಳ ರಿನೀವಲ್ ಕಮಿಷನ್ ಏನಾಗುತ್ತದೆ ಎಂದು ನಿಮ್ಮ ಡೆವಲಪ್‌ಮೆಂಟ್ ಆಫೀಸರನ್ನು ಕೇಳಿಕೊಂಡೇ ಏಜೆನ್ಸಿ ಬಿಡಿ.

ಎರಡನೆಯದು ಕುತ್ತಿಗೆ. ಅದನ್ನು ಕೊನೆಗೆ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದೀರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಬೆಳಿಗ್ಗೆಯೆಲ್ಲ ಮೈಕ್ರೊಸ್ಕೋಪಿಗೆ ಬಾಗಿದ ಕತ್ತು ಸಂಜೆ ಆರಿ ಸ್ಟ್ಯಾಂಡಿಗೆ ಬಾಗುತ್ತದೆ. ಕೆಲಸ ಬದಲಾಯಿತು ಎಂದು ಮನಸ್ಸಿಗೆ ಹಗುರ ಅನ್ನಿಸಬಹುದು, ಕತ್ತಿಗೂ ಕಣ್ಣಿಗೂ ಅದು ಎರಡನೇ ಪಾಳಿ. ಹೊಸ ಕೆಲಸವೂ ಅದೇ ಕತ್ತು, ಅದೇ ಕಣ್ಣನ್ನೇ ಬೇಡುತ್ತದೆ. ಆದ್ದರಿಂದ ಸಾದಾ ಬ್ಲೌಸುಗಳನ್ನು ಹತ್ತಿರದ ಇನ್ನೊಬ್ಬ ಹೆಂಗಸಿಗೆ ಕೊಟ್ಟುಬಿಡಿ, ಕಟಿಂಗ್ ಮಾತ್ರ ನೀವು ಮಾಡಿ. ಆರಿ ಕೆಲಸದಲ್ಲಿ ಮದುವೆ ಹೆಣ್ಣಿನ ಬ್ಲೌಸು ಮಾತ್ರ, ಅದೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಒಪ್ಪಬೇಡಿ. ದರ ಏರಿಸಿ. ನಿಮ್ಮ ಕೈಗುಣ ಗೊತ್ತಿದ್ದವರು ಕೊಡುತ್ತಾರೆ.

ಮಣಿಪಾಲಕ್ಕೆ ಹೋಗಿ ಎನ್ನುವುದೇ ನನ್ನ ಅಭಿಪ್ರಾಯ, ಕೆಲವು ವಿಷಯ ಬಾಯಿಬಿಟ್ಟು ಕೇಳಿದ ಮೇಲೆ. ತರಬೇತಿಯ ನಂತರದ 20 ಸಾವಿರ ಬರಹದಲ್ಲಿ ಇದೆಯೇ? ಇಷ್ಟು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಬಾಂಡ್ ಉಂಟೇ? ಜೈಲೀನ್, ಫಾರ್ಮಲಿನ್ ಹೊಗೆ ಎಳೆಯುವ ವ್ಯವಸ್ಥೆ ಆ ಕೋಣೆಯಲ್ಲಿ ಸರಿಯಾಗಿದೆಯೇ? ಹೊರಗೆ ಬೇರೆ ಕೆಲಸ ಮಾಡಬಾರದು ಎಂಬ ಷರತ್ತು ಇದೆಯೇ? ಕೊನೆಯದನ್ನು ನಿಮ್ಮ ತಮ್ಮ ಚೆನ್ನಾಗಿ ಬಲ್ಲ. 2022ರಲ್ಲಿ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು ವಿಪ್ರೊ ಮುನ್ನೂರು ಮಂದಿಯನ್ನು ಕೆಲಸದಿಂದ ತೆಗೆದಿತ್ತು. ನಿಮ್ಮ ಹೊಲಿಗೆ ಲ್ಯಾಬಿಗೆ ಪ್ರತಿಸ್ಪರ್ಧಿಯಲ್ಲ, ಆದರೂ ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ಒಳ್ಳೆಯದು.

ಹಣದ ಲೆಕ್ಕದಲ್ಲಿ ಮೊದಲ ಆರು ತಿಂಗಳು ನಿಮಗೆ ನಷ್ಟವೇ. ಎರಡು ಸಾವಿರ ಹೆಚ್ಚು ಬಂದರೂ ಬಸ್ಸಿನ ಖರ್ಚು ಅದನ್ನು ನುಂಗುತ್ತದೆ. ನಿಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು, ಸರ್ಕಾರಿ ಬಸ್ಸಿನ ಶಕ್ತಿ ಯೋಜನೆ ಅಷ್ಟಾಗಿ ಒದಗದು. ಹೊಲಿಗೆಯ ಆದಾಯವೂ ಇಳಿಯುತ್ತದೆ. ಅಷ್ಟು ದಿನ ಮನೆ ನಡೆಯುತ್ತದೆಯೇ ಎಂದು ಗಂಡನೊಂದಿಗೆ ಕೂತು ಕಾಗದದ ಮೇಲೆ ಬರೆದು ನೋಡಿ. ಅತ್ತೆಯನ್ನೂ ಕೂರಿಸಿಕೊಳ್ಳಿ. ಅವರ ಭಯ ದುಡ್ಡಿನದ್ದು, ಹೊಲಿಗೆ ಪೂರ್ತಿ ನಿಲ್ಲುವುದಿಲ್ಲ ಎಂದು ಗೊತ್ತಾದರೆ ಅವರೇ ಬೆಳಗಿನ ಬುತ್ತಿ ಕಟ್ಟಿಕೊಟ್ಟಾರು.

ಸೇರುವ ಮೊದಲು ಎರಡು ದಿನ ರಜೆ ಹಾಕಿ ಆ ವಿಭಾಗದಲ್ಲಿ ಕೂತು ನೋಡಲು ಅನುಮತಿ ಕೇಳಿ. ಒಮ್ಮೆ ಕಣ್ಣಿನ ವೈದ್ಯರನ್ನೂ, ಕುತ್ತಿಗೆಗೆ ಮೂಳೆ ವೈದ್ಯರನ್ನೂ ಕಂಡು ಬನ್ನಿ. ಇದನ್ನೆಲ್ಲ ತುಳಸಿ ಪೂಜೆಗೆ ಮೊದಲೇ ಮುಗಿಸಿ. ಆಮೇಲೆ ಮದುವೆಯ ಆರ್ಡರುಗಳು ಬಂದು ಬೀಳುತ್ತವೆ, ಒಪ್ಪಿಕೊಂಡ ಮೇಲೆ ಬಿಡುವ ಜಾಯಮಾನ ನಿಮ್ಮದಲ್ಲ.